ಮನೆ ವೈರಿಂಗ್ ಬಿಟ್ಟು ಫ್ಯಾಕ್ಟರಿಗೆ ಹೋಗ್ಬಹುದಾ?

ಪ್ರಶ್ನೆ: ನಮಸ್ತೆ ಸರ್, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ತುಮಕೂರು ಕಡೆ ಮನೆ ವೈರಿಂಗ್ ಮಾಡ್ಕೊಂಡಿದೀನಿ, ಗೋಡೆ ಕಟಿಂಗಿಂದ ಡಿಬಿ (ಮೇನ್ ಸ್ವಿಚ್ ಬೋರ್ಡ್ ಬಾಕ್ಸ್) ತನಕ ಎಲ್ಲಾ ನಾನೇ. ಪೀಣ್ಯದಲ್ಲಿ ಮೇಂಟೆನೆನ್ಸ್ ಕೆಲ್ಸ ಇದೆ ಅಂತಿದಾನೆ ಫ್ರೆಂಡು, ಆದ್ರೆ ಅಲ್ಲಿನ ಮೆಷಿನ್ ಕಂಟ್ರೋಲ್ ಪ್ಯಾನಲ್ ಡೋರ್ ತೆಗೆದ್ರೆ ವೈರ್ ನೋಡೇ ತಲೆ ತಿರುಗತ್ತೆ. ನನ್ನ ಅನುಭವ ಅಲ್ಲಿ ಲೆಕ್ಕಕ್ಕೆ ಬರತ್ತಾ, ಇಲ್ಲಾಂದ್ರೆ ಮತ್ತೆ ಹೆಲ್ಪರ್ ಆಗೇ ಸೇರ್ಬೇಕಾ?

ಉತ್ತರ: ಬರತ್ತೆ ತಮ್ಮ, ಆದ್ರೆ ಅರ್ಧ. ಕೇಬಲ್ ಸೈಜು, ಅರ್ಥಿಂಗು, ವೈರ್ ತುದಿಗೆ ಟೈಟಾಗಿ ಲಗ್ ಹೊಡೆಯೋದು ಎಲ್ಲಾ ಕಡೆ ಒಂದೇ. ನಿನಗೆ ಇಲ್ದೇ ಇರೋದು ಕಂಟ್ರೋಲ್ ಸರ್ಕ್ಯೂಟ್, ಅಂದ್ರೆ ಮೋಟರ್ ಆನ್ ಆಫ್ ಮಾಡ್ಸೋ ವೈರಿಂಗ್ ನಕ್ಷೆ, ಓದೋದು. ನಿಮ್ಮ ಕಡೆ ತೋಟದಲ್ಲಿ ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡಿದೀಯಾ? ಮಾಡಿದ್ರೆ ಆಗ್ಲೇ ಬಾಗಿಲು ದಾಟಿದೀಯ ಅಂತ ತಿಳ್ಕೋ, ಫ್ಯಾಕ್ಟರಿ ಪ್ಯಾನಲ್ ಅಂದ್ರೆ ಅದೇ ಕಾಂಟಾಕ್ಟರು (ಕಾಯಿಲ್‌ಗೆ ಕರೆಂಟ್ ಬಂದ್ರೆ ಎಳ್ಕೊಂಡು ಮೋಟರ್ ಆನ್ ಮಾಡೋ ಸ್ವಿಚ್ಚು), ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿ ಆದ್ರೆ ಮೋಟರ್ ನಿಲ್ಸೋದು), ಟೈಮರು, ಸಂಖ್ಯೆ ಜಾಸ್ತಿ ಅಷ್ಟೆ.

ಇಂಟರ್‌ವ್ಯೂನಲ್ಲಿ ಹೀಗೆ ಕೇಳ್ಬಹುದು: ಬಟನ್ ಒತ್ತಿ ಹಿಡಿದ್ರೆ ಮೋಟರ್ ಓಡತ್ತೆ, ಬಿಟ್ರೆ ನಿಲ್ಲತ್ತೆ, ಯಾಕೆ? ಬಟನ್ ಬಿಟ್ಮೇಲೂ ಕಾಯಿಲ್ ಹಿಡ್ಕೊಳ್ಳೋ ಹಾಗೆ ಮಾಡೋ ಹೋಲ್ಡಿಂಗ್ ಕಾಂಟಾಕ್ಟ್, ಅಂದ್ರೆ ಕಾಂಟಾಕ್ಟರ್ ಮೇಲಿನ 13-14 ಟರ್ಮಿನಲ್ ನೋಡ್ಬೇಕು. ಒತ್ತಿದ್ರೂ ಕಾಯಿಲ್ ಎಳೀತಿಲ್ವಾ, ಕಾಯಿಲ್ ಟರ್ಮಿನಲ್ ಎ1-ಎ2ಗೆ ವೋಲ್ಟೇಜ್ ಬರ್ತಿದೆಯಾ ನೋಡು, ಇಲ್ಲಾಂದ್ರೆ ಹಿಂದಕ್ಕೆ ಬಾ, ಓವರ್‌ಲೋಡ್ ಟ್ರಿಪ್ ಆಗಿದ್ರೆ ಅದರ 95-96 ಕಾಂಟಾಕ್ಟ್ ಓಪನ್ ಆಗಿರತ್ತೆ. ರೀಸೆಟ್ ಒತ್ತಿ ಓಡ್ಸಿಬಿಟ್ರೆ ಮಾತ್ರ ಸಾಲ್ದು, ಯಾಕೆ ಟ್ರಿಪ್ ಆಯ್ತು ಅಂತ ಮೂರೂ ಫೇಸ್ ಕರೆಂಟ್ ಅಳೀಬೇಕು, ನನಗಂತೂ ಅದನ್ನ ಅಳೆಯೋ ಹುಡುಗನೇ ಬೇಕು.

ಹಳೇ ಕಾಂಟಾಕ್ಟರ್ ಮೂರು, ಒಂದು ಟೈಮರ್ ತಂದು ಪ್ಲೈವುಡ್ ಮೇಲೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟರನ್ನ ಮೊದ್ಲು ಕಮ್ಮಿ ವೋಲ್ಟೇಜಲ್ಲಿ ಶುರು ಮಾಡಿ ಆಮೇಲೆ ಪೂರ್ತಿಗೆ ಬದ್ಲಾಯ್ಸೋದು) ಕಟ್ಟು. ಮೋಟರ್ ಬೇಡ, 230 ವೋಲ್ಟ್ ಕಾಯಿಲ್ ಇರೋದ್ನ ತಗೊಂಡು ಮುಂದೆ ಎಂಸಿಬಿ ಹಾಕು, ಯಾವ್ದು ಯಾವಾಗ ಟಕ್ ಅನ್ನತ್ತೆ ಕೇಳಿದ್ರೆ ಅರ್ಥ ಆಗತ್ತೆ. ವೈರ್‌ಮನ್ ಪರ್ಮಿಟ್ ಇಲ್ದಿದ್ರೆ ಅದನ್ನೂ ಮಾಡಿಸ್ಕೋ.

ಇನ್ನೊಬ್ರು: ಅಣ್ಣ, ಸೋಲಾರ್‌ಗೆ ಹೋದ್ರೆ ಹೆಂಗೆ? ಅಲ್ಲಿ ಬರೀ ಪ್ಯಾನೆಲ್ ಕೂರ್ಸಿ ವೈರ್ ಎಳೆಯೋದ್ ತಾನೆ.

ಉತ್ತರ: ಹಂಗಂದ್ಕೊಂಡು ಹತ್ಬೇಡ ಮಾರಾಯ. ಮನೇಲಿ ಮೇನ್ ಆಫ್ ಮಾಡಿದ್ರೆ ಮುಗೀತು, ಪ್ಯಾನೆಲ್‌ಗೆ ಬಿಸಿಲಿರೋ ತನಕ ಆಫ್ ಅನ್ನೋದೇ ಇಲ್ಲ. 10 ಪ್ಯಾನೆಲ್ ಸೀರೀಸ್ ಕೊಟ್ರೆ 400 ವೋಲ್ಟ್ ಡಿಸಿ ಆಸುಪಾಸು. ನಮ್ಮ 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರತ್ತೆ, ಅದಕ್ಕೇ ಕಿಡಿ ಬೇಗ ಆರತ್ತೆ, ಡಿಸಿಲಿ ಹಂಗಲ್ಲ, ಲೋಡ್ ಇರುವಾಗ ಪ್ಯಾನೆಲ್ ವೈರ್ ಜೋಡ್ಸೋ ಎಂಸಿ4 ಕನೆಕ್ಟರ್ ಕಿತ್ರೆ ಕಿಡಿ ಎಳ್ಕೊಂಡೇ ಬರತ್ತೆ, ಕೈ ಸುಡತ್ತೆ. ಮೊದ್ಲು ಇನ್ವರ್ಟರ್‌ನ ಎಸಿ ಆಫ್, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್ಚು) ಆಫ್, ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಹಾಕಿ ಕರೆಂಟ್ ಸೊನ್ನೆ ಅಂತ ನೋಡ್ಕೊಂಡು ಆಮೇಲೆ ಎಂಸಿ4. ಅಂದಂಗೆ ನಿನ್ನ ಕ್ಲಾಂಪ್ ಮೀಟರ್ ಡಿಸಿ ಆಂಪ್ಸ್ ತೋರ್ಸತ್ತಾ ಚೆಕ್ ಮಾಡ್ಕೋ, ಕಮ್ಮಿ ರೇಟಿಂದು ಸುಮಾರು ಎಸಿ ಮಾತ್ರ ತೋರ್ಸೋದು.