ಕ್ಯಾಂಪಸ್‌ನ ಡಿಸ್ಕೋಬೊಲಸ್ ಪ್ರತಿಕೃತಿಗೆ ಬಿರುಕು: ಪುಟ್ಟಿ ಸಾಕೇ?

ಪ್ರಶ್ನೆ: ವಿಶ್ವವಿದ್ಯಾಲಯದ ಅಂಗಳದಲ್ಲಿ ಬಯಲಿನಲ್ಲೇ ನಿಂತಿರುವ ಡಿಸ್ಕೋಬೊಲಸ್‌ನ (ಡಿಸ್ಕಸ್ ಎಸೆಯುವವನ ಪ್ರಾಚೀನ ಗ್ರೀಕ್ ಶಿಲ್ಪ) ಪ್ಲಾಸ್ಟರ್ ಪ್ರತಿಕೃತಿ. ಬಲಪಾದದ ಗಂಟಿನ ಬಳಿ ಉದ್ದಕ್ಕೆ ಸೀಳಿದೆ, ಕಂದು ಕಲೆ ಇಳಿದಿದೆ. ಪುಟ್ಟಿ ತುಂಬಿ ಬಣ್ಣ ಹೊಡೆಯಬಹುದೇ? ಮುಖವೂ ನೆಲ ನೋಡುತ್ತಿದೆ. ಬೇರೆ ಪ್ರತಿಗಳಲ್ಲಿ ಡಿಸ್ಕಸ್ ಕಡೆ ತಿರುಗಿದೆ.

ಉತ್ತರ 1: ದಯವಿಟ್ಟು ಬಣ್ಣ ಬೇಡ. ಕಂದು ಕಲೆ ಎಂದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು. ಆಯಸ್ಕಾಂತ ಹಿಡಿದರೆ ತಿಳಿಯುತ್ತದೆ. ತುಕ್ಕು ಉಬ್ಬಿ ಪ್ಲಾಸ್ಟರನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಬಣ್ಣ ಬಳಿದರೆ ತೇವ ಒಳಗೇ ಉಳಿದು ತುಕ್ಕು ಇನ್ನೂ ಜೋರಾಗುತ್ತದೆ. ಮೊದಲು ಮುಂಡಕ್ಕೆ ಆಸರೆ ಕೊಡಿ, ಭಾರವೆಲ್ಲ ಆ ಕಾಲಿನ ಮೇಲಿದೆ. ಪೂರ್ತಿ ಒಣಗಿದ ಮೇಲೆ ಸೀಳು ಬಿಡಿಸಿ, ಹಳೆಯ ಸರಳು ತೆಗೆದು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಬೇಕು.

ಉತ್ತರ 2: ಸರಳು ಬದಲಿಸಿದರೂ ಬಯಲಲ್ಲಿ ಉಳಿಯದು. ಪ್ಲಾಸ್ಟರ್ ಎಂದರೆ ಜಿಪ್ಸಮ್; ಲೀಟರ್ ನೀರಿಗೆ ಅದು ಸುಮಾರು 2 ಗ್ರಾಂ ಕರಗುತ್ತದೆ. ಮಳೆಗೆ ಮೊದಲು ಅಳಿಯುವುದು ಬೆರಳು, ಕೂದಲಿನ ಸೂಕ್ಷ್ಮ ಗೆರೆ. ಒಳಾಂಗಣಕ್ಕೆ ಸಾಗಿಸಿ, ಹೊರಗೆ ಕಂಚಿನ ಎರಕ ನಿಲ್ಲಿಸಿ. ಗ್ರೀಕ್ ಶಿಲ್ಪಿ ಮೈರಾನ್‌ನ ಕಳೆದುಹೋದ ಮೂಲವೂ ಕಂಚೇ. ಅಮೃತಶಿಲೆಯ ರೋಮನ್ ಪ್ರತಿಗಳಿಗೆ ಕಾಲ ಹಿಂದೆ ಮರದ ಬೊಡ್ಡೆಯ ಆಕಾರದ ಆಸರೆ ಬೇಕಾಯಿತು.

ಉತ್ತರ 3: ತಲೆಯನ್ನು ಮುಟ್ಟಬೇಡಿ. ನಿಮ್ಮದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಟೌನ್ಲಿ ಪ್ರತಿಯ (ಟೌನ್ಲಿ ಎಂಬ ಸಂಗ್ರಾಹಕ ಕೊಂಡಿದ್ದ ರೋಮನ್ ಪ್ರತಿ) ಅಚ್ಚು. 18ನೇ ಶತಮಾನದ ಜೀರ್ಣೋದ್ಧಾರದಲ್ಲಿ ಆ ಟೌನ್ಲಿ ಪ್ರತಿಯ ತಲೆಯನ್ನು ತಪ್ಪು ದಿಕ್ಕಿಗೆ ಜೋಡಿಸಿದ್ದರು. ಅದನ್ನು ಫಲಕದಲ್ಲಿ ಬರೆಯಿಸಿ.