ಪಲ್ಪರ್ ನೀರಿನ ಬಯೋಗ್ಯಾಸ್ ಲೈನಿಗೆ ಫ್ಲೋ ಸೆನ್ಸರ್: ಝೀನರ್ ಬ್ಯಾರಿಯರ್ ಹಾಕಿದ್ರೆ ಸಾಕಾ?

ಮೂಡಿಗೆರೆ_ಲೂಪ್: ಕಾಫಿ ಪಲ್ಪಿಂಗ್ ನೀರಿನ ಬಯೋಗ್ಯಾಸ್ ಘಟಕಕ್ಕೆ ಥರ್ಮಲ್ ಫ್ಲೋ ಸೆನ್ಸರ್ ಡಿಸೈನ್ ಮಾಡ್ತಿದ್ದೀವಿ. 24 ವೋಲ್ಟ್ ಸಪ್ಲೈ, 4-20 ಮಿಲಿಆಂಪ್ ಸಿಗ್ನಲ್ (ರೀಡಿಂಗನ್ನ ಕರೆಂಟ್ ರೂಪದಲ್ಲಿ ಕಳಿಸೋದು), 28 ವೋಲ್ಟ್/93 ಮಿಲಿಆಂಪ್ ಝೀನರ್ ಬ್ಯಾರಿಯರ್ (ಗ್ಯಾಸ್ ಕಡೆಗೆ ಹೋಗುವ ವೋಲ್ಟೇಜ್, ಕರೆಂಟ್ ಮಿತಿ ದಾಟದಂತೆ ತಡೆಯುವ ಸಾಧನ), 100 ಮೀಟರ್ ಕೇಬಲ್, 250 ಓಮ್ ಲೋಡ್. ಬೋರ್ಡಿನ ಇನ್‌ಪುಟ್‌ನಲ್ಲಿ 100 ಮೈಕ್ರೋಫ್ಯಾರಡ್ ಇದೆ, ಬೋರ್ಡಿಗೆ ಕನಿಷ್ಠ 12 ವೋಲ್ಟ್ ಬೇಕು. ಬೆಂಚಿನ ಮೇಲೆ 20 ಮಿಲಿಆಂಪ್ ತನಕ ಸರಿ, ದೋಷ ತಿಳಿಸುವ 21.5 ಮಿಲಿಆಂಪ್ ಅಲಾರ್ಮ್ ಕೊಟ್ಟ ಕೂಡಲೇ ರೀಸೆಟ್ ಆಗುತ್ತೆ. ಏನು ತಪ್ಪು?

ಸ್ಪಾರ್ಕ್‌ಗ್ಯಾಪ್: ರೀಸೆಟ್ ಆಮೇಲೆ, ಮೊದಲು ಆ ಕೆಪ್ಯಾಸಿಟರ್ ತೆಗೀರಿ. ಬ್ಯಾರಿಯರ್ ತಡೆಯೋದು ಸಪ್ಲೈ ಕಡೆಯಿಂದ ಬರುವ ಕರೆಂಟನ್ನ. ಅದರಾಚೆ ಬೋರ್ಡಿನಲ್ಲಿ ತುಂಬಿಕೊಂಡ ಚಾರ್ಜ್ ಶಾರ್ಟ್ ಆದ್ರೆ ನೇರ ಕಿಡಿ. ಕಿಡಿಗೆ ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತೆ ಅನ್ನೋದರ ಮೇಲೆ ಗ್ಯಾಸ್‌ಗಳಿಗೆ ಗುಂಪುಗಳಿವೆ: ಮೀಥೇನ್ 2ಎ ಗುಂಪು, ಹೈಡ್ರೋಜನ್ ಸಲ್ಫೈಡ್ ಇರೋದ್ರಿಂದ ಇನ್ನೂ ಸುಲಭವಾಗಿ ಹೊತ್ತುವ 2ಬಿ ಅಂತಲೇ ಲೆಕ್ಕ ಹಾಕಿ. 28 ವೋಲ್ಟ್‌ಗೆ 2ಬಿಯಲ್ಲಿ ಕೆಪ್ಯಾಸಿಟೆನ್ಸ್ ಮಿತಿ 650 ನ್ಯಾನೊಫ್ಯಾರಡ್. ಮೀಟರಿಗೆ 200 ಪಿಕೋಫ್ಯಾರಡ್‌ನಂತೆ ಕೇಬಲ್ಲೇ 20 ತಿನ್ನುತ್ತೆ, ಬೋರ್ಡಿಗೆ ಉಳಿಯೋದು 630. ದೊಡ್ಡ ಕೆಪ್ಯಾಸಿಟರ್ ಬೇಕೇ ಬೇಕಂದ್ರೆ ರೆಗ್ಯುಲೇಟರ್ ಆಚೆಗೆ ಹಾಕಿ, ಅಲ್ಲಿ 4.7 ವೋಲ್ಟ್‌ನ ಎರಡು ಝೀನರ್ (ವೋಲ್ಟೇಜ್ ಮೇಲೇರದಂತೆ ಹಿಡಿಯುವ ಡಯೋಡ್) ಅಡ್ಡ ಕೂರಿಸಿ. 5 ವೋಲ್ಟ್ ಒಳಗೆ ಮಿತಿ ತುಂಬಾ ಸಡಿಲ. ಎರಡು ಯಾಕೆ? ರೆಗ್ಯುಲೇಟರ್ ಸುಟ್ಟು ಶಾರ್ಟ್ ಆಗುತ್ತೆ ಅಂತಲೇ ಡಿಸೈನ್ ಮಾಡಬೇಕು, ಜೊತೆಗೆ ಒಂದು ಝೀನರ್ ಕೈಕೊಟ್ಟರೂ ಇನ್ನೊಂದು ಉಳೀಬೇಕು. 4.7 × 0.093 ಅಂದ್ರೆ ಸುಮಾರು 0.44 ವಾಟ್, ಸುರಕ್ಷತೆಗೆ ಒಂದೂವರೆ ಪಟ್ಟು ಅಂದ್ರೆ 0.66, 1.3 ವಾಟ್‌ನವು ಸಾಕು.

ಹಾಸನ_ಪ್ಯಾನೆಲ್: ರೀಸೆಟ್ ಬರೀ ವೋಲ್ಟೇಜ್ ಲೆಕ್ಕ. ನಾಮಕಾವಸ್ತೆ 300 ಓಮ್ ಬ್ಯಾರಿಯರ್ ತುದಿಯಿಂದ ತುದಿಗೆ 340ರ ತನಕ ಹೋಗುತ್ತೆ. ಲೋಡ್ 250, ಕೇಬಲ್ ಎರಡೂವರೆ ಓಮ್ (1.5 ಚದರ ಮಿ.ಮೀ.). 20 ಮಿಲಿಆಂಪ್‌ಗೆ ಬೋರ್ಡಿಗೆ ಸಿಗೋದು 12.15 ವೋಲ್ಟ್, 21.5ಕ್ಕೆ 11.3 ಅಷ್ಟೇ. ಲೋಡನ್ನ 100 ಓಮ್ ಮಾಡಿದ್ರೆ 14.5 ಸಿಗುತ್ತೆ, ಪಿಎಲ್‌ಸಿ (ಸಿಗ್ನಲ್ ಓದುವ ಕಂಟ್ರೋಲರ್) ಇನ್‌ಪುಟ್ ಒಪ್ಪಬೇಕು ಅಷ್ಟೆ. ನನ್ನ ಕೇಳಿದ್ರೆ ಝೀನರ್ ಬ್ಯಾರಿಯರ್ ಬಿಟ್ಟು ಗ್ಯಾಲ್ವನಿಕ್ ಐಸೊಲೇಟರ್ (ಎರಡೂ ಕಡೆಯ ಸರ್ಕಿಟ್ ನೇರ ಜೋಡಿಸದೆ ಸಿಗ್ನಲ್ ದಾಟಿಸುವ ಸಾಧನ) ಹಾಕಿ. ಝೀನರ್ ಬ್ಯಾರಿಯರ್‌ಗೆ 1 ಓಮ್ ಒಳಗಿನ ಪ್ರತ್ಯೇಕ ಅರ್ಥ್ ಬೇಕು. ಮಲೆನಾಡಿನ ಸಿಡಿಲಲ್ಲಿ ಅದೊಂದು ತಲೆನೋವು. ಪ್ಯಾನೆಲ್‌ನಲ್ಲಿ ಗ್ಯಾಸ್ ಕಡೆಗೆ ಹೋಗುವ ವೈರಿನ ನೀಲಿ ಟರ್ಮಿನಲ್‌ಗೂ ಉಳಿದವಕ್ಕೂ 50 ಮಿ.ಮೀ. ಅಂತರ ಮರೀಬೇಡಿ.

ಮೂಡಿಗೆರೆ_ಲೂಪ್: ಥರ್ಮಲ್ ಸೆನ್ಸರ್ರೇ ಇರಲಾ?

ಸ್ಪಾರ್ಕ್‌ಗ್ಯಾಪ್: ಬೇಡ ಅನ್ಸುತ್ತೆ. ಗ್ಯಾಸ್ ಒದ್ದೆ, ಬೆಳಗಿನ ಚಳಿಗೆ ಪೈಪಿನೊಳಗೆ ಕಟ್ಟಿದ ಹನಿ ಬಿಸಿ ತುದಿಗೆ ತಾಗಿದ್ರೆ ರೀಡಿಂಗ್ ಒಮ್ಮೆಗೇ ಮೇಲಕ್ಕೆ ಜಿಗಿಯುತ್ತೆ. ಮೀಥೇನ್ ಪ್ರಮಾಣ ಬದಲಾದ್ರೆ ಕ್ಯಾಲಿಬ್ರೇಶನ್ನೂ ಜಾರುತ್ತೆ. ದುಡ್ಡಿದ್ರೆ ಅಲ್ಟ್ರಾಸೋನಿಕ್. ಇಲ್ಲಾಂದ್ರೆ ಮೀಟರಿಗಿಂತ ಮುಂಚೆ ಕೆಳಗಿನ ತಿರುವಿನಲ್ಲಿ ನೀರಿಳಿಸುವ ಟ್ರ್ಯಾಪ್ ಇಟ್ಟು, ತುದಿಯನ್ನ ಪಕ್ಕದಿಂದ ತೂರಿಸಿ. ಮತ್ತೆ, ಬೆಂಚಿನಲ್ಲಿ ಪಾಸಾಯ್ತು ಅಂತ ತೋಟಕ್ಕೆ ಒಯ್ಯೋ ಹಾಗಿಲ್ಲ: ಲ್ಯಾಬ್ ಪರೀಕ್ಷೆ, ಪೆಸೊ (ಸ್ಫೋಟಕ ಸುರಕ್ಷತೆಯ ಕೇಂದ್ರ ಸರ್ಕಾರದ ಸಂಸ್ಥೆ) ಅನುಮೋದನೆ ಆಗೋ ತನಕ ಗ್ಯಾಸ್ ಲೈನಿಗೆ ಮುಟ್ಟಿಸಬೇಡಿ.