ಸಹಾಯ ಬೇಕು: ಸ್ವಂತ ಮ್ಯಾಲಾಕ್, ಎಲ್ಲೋ ಆಗುವ ಸೆಗ್‌ಫಾಲ್ಟ್
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ, ಐದನೇ ಸೆಮಿಸ್ಟರ್. ಮಿನಿ ಪ್ರಾಜೆಕ್ಟ್‌ಗೆ ಸಿ ಭಾಷೆಯಲ್ಲಿ ನಮ್ಮದೇ ಮ್ಯಾಲಾಕ್ (ಪ್ರೋಗ್ರಾಮಿಗೆ ಮೆಮೊರಿ ಕೊಡುವ ಫಂಕ್ಷನ್), ಫ್ರೀ (ಅದನ್ನು ವಾಪಸ್ ಪಡೆಯುವ ಫಂಕ್ಷನ್) ಬರೆಯುತ್ತಿದ್ದೇವೆ. ಉಳಿದವರು ವೆಬ್‌ಸೈಟ್ ಆರಿಸಿಕೊಂಡು ಆರಾಮಾಗಿದ್ದಾರೆ, ಅದಿರಲಿ.

ಲಿನಕ್ಸ್‌ನಲ್ಲಿ ಎಸ್‌ಬ್ರೇಕ್ (sbrk) ಕರೆದು ಸಿಸ್ಟಮ್‌ನಿಂದ ಮೆಮೊರಿ ತೆಗೆದುಕೊಳ್ಳುತ್ತೇವೆ. ಪ್ರತಿ ಬ್ಲಾಕಿನ ಮುಂದೆ 16 ಬೈಟಿನ ಹೆಡರ್: 8 ಬೈಟ್ ಸೈಜು, 8 ಬೈಟ್ ಮುಂದಿನ ಖಾಲಿ ಬ್ಲಾಕಿನ ಪಾಯಿಂಟರ್ (ಅದರ ವಿಳಾಸ). ಬರೀ ಮ್ಯಾಲಾಕ್ ಕರೆದರೆ ಎಲ್ಲ ಸರಿ. ಅಕ್ಕಪಕ್ಕದ ಖಾಲಿ ಬ್ಲಾಕುಗಳನ್ನು ಕೂಡಿಸುವ ಕೋಡ್ ಸೇರಿಸಿದರೆ ಸೆಗ್‌ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ನಿಂತುಹೋಗುತ್ತದೆ. ಅದೂ ಕೂಡಿಸುವ ಸಾಲಿನಲ್ಲಲ್ಲ, ಎಷ್ಟೋ ಹೊತ್ತಾದ ಮೇಲೆ ಇನ್ಯಾವುದೋ ಮ್ಯಾಲಾಕ್‌ನಲ್ಲಿ.

ಜಿಡಿಬಿ ಡೀಬಗರ್‌ನಲ್ಲಿ (ತಪ್ಪು ಹುಡುಕುವ ಸಾಧನ) ನೋಡಿದರೆ ಪಾಯಿಂಟರ್ ಇರಬೇಕಾದ ಜಾಗದಲ್ಲಿ ಹೆಕ್ಸ್‌ನಲ್ಲಿ 74, 75 ಅಂತ ಶುರುವಾಗುವ ಬೈಟುಗಳಿವೆ. ಅಂದರೆ ಟಿ, ಯು. ಟೆಸ್ಟಿಗೆ ಇಂಗ್ಲಿಷಿನಲ್ಲಿ ಹಾಕಿದ್ದ 'ತುಂಗಾ' ಸ್ಟ್ರಿಂಗ್ ಹೆಡರಿನ ಮೇಲೆ ಬಂದು ಕೂತಿದೆ! ಪ್ರಿಂಟ್‌ಎಫ್ ಹಾಕಿ ಹುಡುಕೋಣ ಅಂದರೆ ಅದು ಒಳಗೆ ತಾನೇ ಮ್ಯಾಲಾಕ್ ಕರೆಯುತ್ತದೆ, ಹಾಗಾಗಿ ರೈಟ್ ಸಿಸ್ಟಮ್ ಕಾಲ್‌ನಿಂದಲೇ ಪ್ರಿಂಟ್ ಮಾಡುತ್ತಿದ್ದೇವೆ. ಆ ವಿಳಾಸಕ್ಕೆ ಜಿಡಿಬಿಯಲ್ಲಿ ವಾಚ್‌ಪಾಯಿಂಟ್ (ಅಲ್ಲಿ ಬರೆದಾಗ ಪ್ರೋಗ್ರಾಮ್ ನಿಲ್ಲಿಸುವ ಗುರುತು) ಇಟ್ಟರೆ ಸರಿಯಾದ ಬರಹಕ್ಕೂ ನಿಲ್ಲುತ್ತದೆ, ತಪ್ಪು ಬರಹಕ್ಕೂ ನಿಲ್ಲುತ್ತದೆ.

ಕೂಡಿಸಿದ ಬ್ಲಾಕ್ ಖಾಲಿ ಬ್ಲಾಕುಗಳ ಲಿಸ್ಟಿನಲ್ಲಿ ಎರಡು ಸಲ ಉಳಿದಿದೆಯಾ ಅಂತ ನನ್ನ ಅನುಮಾನ. ಅದನ್ನು ಪರೀಕ್ಷಿಸುವ ಸುಲಭ ದಾರಿ ಇದೆಯಾ? ವಾಚ್‌ಪಾಯಿಂಟಿಗೆ ಷರತ್ತು ಹಾಕುವುದು ಹೇಗೆ? ಕೋಡ್ ಬರೆದುಕೊಡುವುದು ಬೇಡ, ಎಲ್ಲಿ ನೋಡಬೇಕು ಅಂತ ಹೇಳಿದರೆ ಸಾಕು. ಶಿವಮೊಗ್ಗದಲ್ಲಿ ಯಾರಾದರೂ ಇದ್ದರೆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ. ಶನಿವಾರ ತೀರ್ಥಹಳ್ಳಿ ಹತ್ತಿರ ಮನೆಯಲ್ಲಿರುತ್ತೇನೆ, ಈ ಮಳೆಗೆ ನೆಟ್‌ವರ್ಕ್ ಸಿಗೋದಿಲ್ಲ. ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.